‘ಯಾವ ಪೇಪರ್ ಸಾರ್?’ ಕೆ.ಆರ್. ಮಾರ್ಕೆಟ್ ಸುತ್ತಲಿನವರಿಗೆ ಒಂದು ಬಹಿರಂಗ ಪತ್ರ

ಹೂವಿನ ಅಕ್ಕಂದಿರಿಗೆ, ತಳ್ಳುಗಾಡಿಯ ಅಣ್ಣಂದಿರಿಗೆ, ಅವೆನ್ಯೂ ರಸ್ತೆ, ಚಿಕ್ಕಪೇಟೆ, ಬಳೇಪೇಟೆಯ ಅಂಗಡಿಯವರಿಗೆ, ಬೀಟ್ ಪೊಲೀಸರಿಗೆ, ಮಾರ್ಕೆಟ್ ನೋಡಿಕೊಳ್ಳುವ ಪಾಲಿಕೆ ಅಧಿಕಾರಿಗಳಿಗೆ,

ನಮಸ್ಕಾರ.

ಭಾನುವಾರ ಬೆಳಿಗ್ಗೆ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ನಿಮ್ಮ ನಡುವೆ ಓಡಾಡುವ ಗುಂಪು ಇದೆಯಲ್ಲ, ಅದರಲ್ಲಿ ನಾನೂ ಒಬ್ಬ. ನೀವು ನಮ್ಮನ್ನು ಕೇಳುವ ಮೊದಲ ಪ್ರಶ್ನೆ, ‘ಯಾವ ಪೇಪರ್ ಸಾರ್?’ ಪೇಪರ್ ಅಲ್ಲ ಅಂದರೆ, ‘ಹಂಗಾದ್ರೆ ಚಾನಲ್ಲಾ?’ ಅದೂ ಅಲ್ಲ ಅಂದರೆ, ‘ಮತ್ಯಾಕೆ?’ ಅಲ್ಲಿಗೆ ನಮ್ಮ ಬಾಯಿ ಕಟ್ಟುತ್ತದೆ. ‘ಸುಮ್ನೆ, ಹವ್ಯಾಸ’ ಅಂದು ನಕ್ಕು ಮುಂದೆ ಹೋಗುತ್ತೇವೆ. ವ್ಯಾಪಾರದ ಹೊತ್ತಿನಲ್ಲಿ ಅಡ್ಡ ನಿಂತವನು ಸುಮ್ನೆ ನಿಂತಿದ್ದೇನೆ ಅಂದರೆ ಯಾರು ನಂಬುತ್ತಾರೆ?

ಈಗಂತೂ ನಂಬುವುದು ಇನ್ನೂ ಕಷ್ಟ. 2025ರ ಮೇ ತಿಂಗಳಲ್ಲಿ, ನಮ್ಮ ಮೆಟ್ರೊದಲ್ಲಿ ಹೆಣ್ಣುಮಕ್ಕಳಿಗೆ ಗೊತ್ತಾಗದಂತೆ ವಿಡಿಯೊ ತೆಗೆದು ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದ ಆರೋಪದ ಮೇಲೆ ಪೊಲೀಸರು ಒಬ್ಬನನ್ನು ಹಿಡಿದರು. ಜುಲೈನಲ್ಲಿ ಚರ್ಚ್ ಸ್ಟ್ರೀಟಿನದು. ರಸ್ತೆಯ ನೋಟ ತೋರಿಸುತ್ತೇನೆ ಅನ್ನುವ ನೆಪದಲ್ಲಿ ಹೆಣ್ಣುಮಕ್ಕಳ ಹಿಂದೆ ಹೋಗಿ ಚಿತ್ರೀಕರಿಸುತ್ತಿದ್ದ ಅಂತ ಇನ್ನೊಬ್ಬನ ಬಂಧನವಾಯಿತು. ಒಬ್ಬ ಯುವತಿ ಧೈರ್ಯ ಮಾಡಿ ಎಲ್ಲರ ಮುಂದೆ ಹೇಳಿಕೊಂಡಿದ್ದರಿಂದ ಅದು ಹೊರಗೆ ಬಂತು. ಅದಾದ ಮೇಲೆ ನೀವು ನಮ್ಮನ್ನು ನೋಡುವ ರೀತಿ ಬದಲಾಗಿದೆ. ಮೊದಲು ಕುತೂಹಲ ಇದ್ದ ಕಡೆ ಈಗ ಅನುಮಾನ ಇದೆ. ಇದರಲ್ಲಿ ನಿಮ್ಮದು ತಪ್ಪು ಅಂತ ನಾನು ಹೇಳುವುದಿಲ್ಲ. ಕೈಯಲ್ಲಿ ಕ್ಯಾಮೆರಾ ಇದ್ದವನು ಯಾರು, ಯಾಕೆ ಬಂದಿದ್ದಾನೆ ಅಂತ ಕೇಳುವುದು ನಿಮ್ಮ ಹಕ್ಕು. ಉತ್ತರ ಕೊಡುವುದು ನಮ್ಮ ಕೆಲಸ. ನಿಂತ ಜಾಗದಲ್ಲಿ ಒಂದು ನಿಮಿಷದಲ್ಲಿ ಹೇಳಿ ಮುಗಿಸಲು ಆಗದ್ದಕ್ಕೆ ಈ ಕಾಗದ.

ಮೊದಲು ನಾವು ಯಾರು ಅಂತ ಹೇಳುತ್ತೇನೆ. ನಮ್ಮದು ಸಂಘವಲ್ಲ, ಸಂಸ್ಥೆಯಲ್ಲ. ರಸೀದಿ ಪುಸ್ತಕವಿಲ್ಲ, ಅಧ್ಯಕ್ಷರಿಲ್ಲ. ಒಂದು ವಾಟ್ಸ್‌ಆ್ಯಪ್ ಗುಂಪು, ಅಷ್ಟೇ. ಬ್ಯಾಂಕಿನಿಂದ ರಿಟೈರ್ ಆದವರು ಒಬ್ಬರಿದ್ದಾರೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು ಜಾಸ್ತಿ. ಸರ್ಕಾರಿ ಶಾಲೆಯ ಮೇಷ್ಟ್ರು ಇದ್ದಾರೆ. ಮದುವೆ ಫೋಟೊ ತೆಗೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ಒಬ್ಬ ಇದ್ದಾನೆ. ವಾರವಿಡೀ ಜನರನ್ನು ನಿಲ್ಲಿಸಿ, ಗಲ್ಲ ಎತ್ತಿಸಿ, ‘ಸ್ವಲ್ಪ ನಗಿ’ ಅಂತ ಹೇಳಿ ಹೇಳಿ ಸಾಕಾಗಿರುತ್ತದೆ ಅವನಿಗೆ. ಮಾರ್ಕೆಟ್ಟಿನಲ್ಲಿ ಅವನ ಮಾತು ಕೇಳುವವರು ಯಾರೂ ಇಲ್ಲ. ಯಾರೂ ಅವನಿಗಾಗಿ ನಿಲ್ಲುವುದಿಲ್ಲ. ಅದಕ್ಕೇ ಬರುತ್ತೇನೆ ಅನ್ನುತ್ತಾನೆ.

ಕ್ಯಾಮೆರಾ ದೊಡ್ಡದಿದ್ದರೆ ಕಾಸು ದೊಡ್ಡದು ಅಂತ ನೀವು ಅಂದುಕೊಂಡಿರಬಹುದು. ನಮ್ಮಲ್ಲಿ ಅರ್ಧ ಜನ ಫೋನಿನಲ್ಲೇ ತೆಗೆಯುವವರು. ಸ್ವಲ್ಪ ಗೀಳು ಹತ್ತಿದವರು ಜೇಬಿಗೆ ಹಿಡಿಸುವ ರಿಕೋ ಜಿಆರ್ ಕ್ಯಾಮೆರಾ ತಗೊಳ್ಳುತ್ತಾರೆ. ನಮ್ಮಲ್ಲಿ ಜಾಸ್ತಿ ಇರುವುದು 28 ಎಂಎಂ ಅಥವಾ 35 ಎಂಎಂ ಲೆನ್ಸು, ಅಂದರೆ ಅಗಲವಾದ ನೋಟ ಹಿಡಿಯುವಂಥದು. ಇದರಲ್ಲಿ ಮುಖ ದೊಡ್ಡದಾಗಿ ಬರಬೇಕಾದರೆ ನಿಮ್ಮ ಹತ್ತಿರ ಬಂದೇ ನಿಲ್ಲಬೇಕು, ನಾಲ್ಕೈದು ಅಡಿ ದೂರದಲ್ಲಿ. ದೂರದ ಮಹಡಿ ಮೇಲೆ ಕೂತು ಉದ್ದನೆ ಲೆನ್ಸಿನಲ್ಲಿ ಯಾರದೋ ಮುಖ ಎಳೆದುಕೊಳ್ಳುವುದನ್ನು ನಮ್ಮವರು ಒಪ್ಪುವುದಿಲ್ಲ. ಕಾರಣ ಸರಳ. ಹತ್ತಿರ ನಿಂತರೆ ನಾವು ನಿಮಗೆ ಕಾಣುತ್ತೇವೆ. ಬೇಡ ಅನ್ನಲು ನಿಮಗೆ ಅವಕಾಶ ಇರುತ್ತದೆ.

ಸರಿ, ಯಾಕೆ ಬರುತ್ತೇವೆ?

‘ಊರು ಬದಲಾಗುತ್ತಿದೆ, ದಾಖಲೆ ಮಾಡುತ್ತಿದ್ದೇವೆ’ ಅಂತ ನಮ್ಮಲ್ಲೂ ಕೆಲವರು ದೊಡ್ಡ ಮಾತು ಹೇಳುತ್ತಾರೆ. ಅದರಲ್ಲಿ ಸ್ವಲ್ಪ ನಿಜ ಇದೆ. ಗಾಂಧಿನಗರದ ಕಪಾಲಿ ಚಿತ್ರಮಂದಿರ 2017ರಲ್ಲಿ ಮುಚ್ಚಿತು. ಅದರ ಮುಂದೆ ಟಿಕೆಟ್ಟಿಗೆ ನಿಂತ ಜನರ ಚಿತ್ರಗಳು ಈಗ ಎಷ್ಟೋ ಜನರಿಗೆ ಬೇಕು. ಆದರೆ ಬೆಳಗಿನ ಜಾವ ಎದ್ದು ಬರುವವನು ಇತಿಹಾಸ ಉಳಿಸಲು ಬರುತ್ತಾನೆ ಅಂದರೆ ನಾನೇ ನಂಬುವುದಿಲ್ಲ. ಯಾರೂ ಅಷ್ಟು ಒಳ್ಳೆಯವರಲ್ಲ. ಬರುವುದು ಖುಷಿಗೆ.

ಆ ಖುಷಿ ಎಂಥದು ಅಂತ ಹೇಳಲು ನಿಮ್ಮ ಹೂವಿನ ಮಾರ್ಕೆಟ್ಟನ್ನೇ ತೆಗೆದುಕೊಳ್ಳುತ್ತೇನೆ. ನಿಮ್ಮ ವ್ಯಾಪಾರ ಕತ್ತಲಿರುವಾಗಲೇ ಶುರುವಾಗಿರುತ್ತದೆ. ನಾವು ಬರುವ ಹೊತ್ತಿಗೆ ಮೂಟೆ ಇಳಿದು, ಚೆಂಡುಹೂವು ರಾಶಿ ಬಿದ್ದು, ಮಾರು ಲೆಕ್ಕದಲ್ಲಿ ಕಾಕಡ ಕೈ ಬದಲಾಗುತ್ತಿರುತ್ತದೆ. ಆಗ ಟ್ಯೂಬ್‌ಲೈಟಿನ ಬೆಳಕು ಬಿಟ್ಟರೆ ಬೇರೇನಿಲ್ಲ. ಬಿಸಿಲು ಏರಿದ ಮೇಲೆ ಮೇಲಿನಿಂದ ಒಂದು ಕೋಲು ಬೆಳಕು ಓರೆಯಾಗಿ ಕೆಳಗೆ ಬೀಳುತ್ತದೆ. ಊದುಬತ್ತಿ ಹೊಗೆ, ಧೂಳು, ಜನರ ಉಸಿರು, ಎಲ್ಲ ಅದರಲ್ಲಿ ಕಾಣುತ್ತದೆ. ಬೆಳಕು ನಿಧಾನವಾಗಿ ಜರುಗುತ್ತದೆ. ಮೊದಲು ಸೇವಂತಿಗೆ ಗುಡ್ಡೆಯ ಮೇಲೆ, ಆಮೇಲೆ ತಕ್ಕಡಿಯ ಮೇಲೆ. ಆ ಬೆಳಕಿನೊಳಗೆ ಬುಟ್ಟಿ ಹೊತ್ತ ಒಬ್ಬರು ಬರಬೇಕು. ಅವರ ಹಿಂದೆ ಇನ್ನೊಬ್ಬರು ಬಂದರೆ ಚಿತ್ರ ಕೆಟ್ಟಿತು. ಮುಂದೆ ಯಾರೋ ನನ್ನಂಥವನು ಕ್ಯಾಮೆರಾ ಹಿಡಿದು ನುಗ್ಗಿದರೂ ಕೆಟ್ಟಿತು. ಗಾಳ ಹಾಕಿ ಕೂತವನ ಹಾಗೆ ಕಾಯುತ್ತೇವೆ. ಬಹಳ ಸಲ ಬೆಳಕು ಬಂದು ಹೋಗುತ್ತದೆ, ಏನೂ ಸಿಗುವುದಿಲ್ಲ.

ಸಿಕ್ಕಿದ ದಿನ? ಸಿಕ್ಕಿದ್ದು ಸೆಕೆಂಡಿನ 250ನೇ ಒಂದು ಭಾಗ. ಆ ಹೊತ್ತಿನಲ್ಲಿ ಕೈ, ಬುಟ್ಟಿ, ನೆರಳು, ಹಿಂದೆ ಗೋಡೆಗೆ ಅಂಟಿಸಿದ ಹಳೇ ಸಿನಿಮಾ ಪೋಸ್ಟರಿನ ಕಣ್ಣು, ಎಲ್ಲ ತಂತಮ್ಮ ಜಾಗಕ್ಕೆ ತಾವೇ ಬಂದು ಕೂತಿರುತ್ತವೆ. ಯಾರೂ ಹೇಳಿಕೊಟ್ಟಿರುವುದಿಲ್ಲ. ಇನ್ನೊಂದು ಸಲ ಮಾಡಿ ಅಂದರೆ ಆಗುವುದೂ ಇಲ್ಲ. ಅದನ್ನು ನೋಡಿದವನಿಗೆ ಒಂದು ವಾರ ಆಫೀಸಿನ ಕೆಲಸ ಹಗುರ ಆಗುತ್ತದೆ. ಇಷ್ಟೇ ನಮ್ಮ ಗುಟ್ಟು.

ಇನ್ನೂ ಒಂದಿದೆ. ಬೆಂಗಳೂರಿನಲ್ಲಿ ಕೆಲಸವಿಲ್ಲದೆ ಒಂದು ಕಡೆ ನಿಲ್ಲಲು ಜಾಗವೇ ಕಡಿಮೆ. ಮನೆಯಿಂದ ಗಾಡಿ, ಗಾಡಿಯಿಂದ ಆಫೀಸು, ಅಲ್ಲಿಂದ ಮಾಲು. ಎಲ್ಲಿ ನಿಂತರೂ ‘ಏನು ಬೇಕು ಸಾರ್?’ ಅಂತ ಬರುತ್ತಾರೆ. ಪೇಟೆ ಹಾಗಲ್ಲ. ಇಲ್ಲಿ ದಾರಿ ಬಿಡು ಅಂತ ಬೈಯುತ್ತಾರೆ, ಆದರೆ ಹೊರಗೆ ಕಳಿಸುವುದಿಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರು ಇದೇ ಅಲ್ವಾ? ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆ, ಗಾಣಿಗರಪೇಟೆ ಅಂತ ಒಂದೊಂದು ಕಸುಬಿಗೆ ಒಂದೊಂದು ಬೀದಿ ಹಾಕಿದ ಊರು. ಆ ಬೀದಿಗಳಲ್ಲಿ ಈಗಲೂ ಕೆಲಸ ಹೊಸ್ತಿಲಿನ ಆಚೆ, ಎಲ್ಲರ ಕಣ್ಣೆದುರೇ ನಡೆಯುತ್ತದೆ. ಬೇರೆ ಕಡೆ ಗಾಜಿನ ಹಿಂದೆ ಹೋಗಿರುವುದು ಇಲ್ಲಿ ಬಯಲಲ್ಲಿದೆ. ಶಿವನಸಮುದ್ರದ ಕರೆಂಟು 1905ರಲ್ಲಿ ಬಂದಾಗ ಊರಿನ ಮೊದಲ ಬೀದಿದೀಪ ಹೊತ್ತಿದ್ದೂ ಈ ಮಾರ್ಕೆಟ್ ಕಡೆಯೇ ಅಂತ ಹಿರಿಯರು ಹೆಮ್ಮೆಯಿಂದ ಹೇಳುತ್ತಾರೆ. ಬೆಳಕಿನ ಹಿಂದೆ ಬಿದ್ದ ನಮಗೆ ಇದಕ್ಕಿಂತ ಒಳ್ಳೆ ಜಾಗ ಯಾವುದು?

ಹಬ್ಬ ಬಂದರೆ ನಮ್ಮ ಕಾಟ ಜಾಸ್ತಿ, ಒಪ್ಪುತ್ತೇನೆ. ವರಮಹಾಲಕ್ಷ್ಮಿ ಹಿಂದಿನ ದಿನ ನಿಮಗೆ ಉಸಿರಾಡಲು ಪುರುಸೊತ್ತಿಲ್ಲ, ನಾವು ಕಾಲಡಿಗೆ ಸಿಗುತ್ತೇವೆ. ಕಡಲೆಕಾಯಿ ಪರಿಷೆಗೆ ಬಸವನಗುಡಿಯಲ್ಲಿ ರೈತರಿಗಿಂತ ಮೊದಲೇ ಹೋಗಿ ನಿಂತಿರುತ್ತೇವೆ. ಚೈತ್ರ ಹುಣ್ಣಿಮೆಯ ಕರಗದ ರಾತ್ರಿಯಂತೂ ಧರ್ಮರಾಯನ ಗುಡಿಯ ಮುಂದೆ ವೀರಕುಮಾರರ ಕತ್ತಿಗಳಿಗೂ ನಮ್ಮ ಕ್ಯಾಮೆರಾಗಳಿಗೂ ಲೆಕ್ಕ ಸರಿಹೋಗುತ್ತದೇನೋ. ನನಗೆ ಅಂಥ ದೊಡ್ಡ ಹಬ್ಬಗಳಲ್ಲಿ ಅಷ್ಟು ಆಸಕ್ತಿ ಇಲ್ಲ. ಎಲ್ಲರ ಚಿತ್ರವೂ ಒಂದೇ ಥರ ಬರುತ್ತದೆ. ಮಸ್ತಾನ್ ಸಾಬರ ದರ್ಗಾಕ್ಕೆ ಕರಗ ಹೋಗುವ ಹೊತ್ತಿಗೆ ಕಾಟನ್‌ಪೇಟೆಯ ಜಗಲಿಯ ಮೇಲೆ ಕಾದು ಕಾದು ಅಜ್ಜಿಯ ತೊಡೆಯಲ್ಲಿ ತೂಕಡಿಸುವ ಮಗು ಇರುತ್ತದಲ್ಲ, ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಅಜ್ಜಿಯನ್ನು ಕೇಳಿಯೇ ತೆಗೆಯುತ್ತೇನೆ.

ಚಿಕ್ಕಪೇಟೆ ಕಡೆಯ ಸಂಡೆ ಬಜಾರ್ ಬೇರೆ ಕಥೆ. ಅಲ್ಲಿ ಹಳೇ ಬೀಗ, ಗಡಿಯಾರ, ಒಂದೇ ಕಾಲಿನ ಬೂಟು, ಒಮ್ಮೊಮ್ಮೆ ನಮ್ಮಪ್ಪಂದಿರ ಕಾಲದ ಅಗ್ಫಾ ಕ್ಲಿಕ್ 3 ಕ್ಯಾಮೆರಾ ಸಿಗುತ್ತದೆ. ಆದರೆ ಮಾರುವವರು ಕ್ಯಾಮೆರಾ ಕೊಡುತ್ತಾರೆ, ಮುಖ ಕೊಡುವುದಿಲ್ಲ. ಯಾಕೆ ಅಂತ ನಾವೂ ಜಾಸ್ತಿ ಕೇಳುವುದಿಲ್ಲ. ಅಲ್ಲಿ ನಾವು ಸಾಮಾನಿನ ಚಿತ್ರ ಮಾತ್ರ ತೆಗೆಯುವುದು ರೂಢಿ.

ಆಮೇಲೆ ಬಳೇಪೇಟೆಯ ಕಡೆ ಒಂದು ಹೋಟೆಲಿನಲ್ಲಿ ದೋಸೆ. ನಿಜ ಹೇಳಬೇಕೆಂದರೆ ಎಷ್ಟೋ ಜನ ಬರುವುದು ಈ ಒಂದು ಗಂಟೆಗೆ. ಕ್ಯಾಮೆರಾ ಕೈಯಿಂದ ಕೈಗೆ ಹೋಗುತ್ತದೆ. ಒಬ್ಬರು ತೆಗೆದದ್ದನ್ನು ಇನ್ನೊಬ್ಬರು ನೋಡಿ, ‘ಇಲ್ಲಿ ಬಲಗಡೆ ಈ ಪ್ಲಾಸ್ಟಿಕ್ ಬಕೆಟ್ ಯಾಕೆ ಬಿಟ್ಟೆ?’ ಅನ್ನುತ್ತಾರೆ. ‘ಬಕೆಟ್ಟೇ ಚಿತ್ರ, ನೀವು ಮುಖ ನೋಡ್ತಾ ಇದ್ದೀರ’ ಅಂತ ಉತ್ತರ ಬರುತ್ತದೆ. ಜಗಳ ಕಾಫಿ ಆರುವ ತನಕ ನಡೆಯುತ್ತದೆ. ಅಲ್ಲಿ ಯಾರ ಸಂಬಳ ಎಷ್ಟು, ಯಾರ ಜಾತಿ ಯಾವುದು ಅಂತ ಮಾತು ಬರುವುದಿಲ್ಲ. ಬಕೆಟ್ಟಿನ ಮಾತೇ ಮುಗಿದಿರುವುದಿಲ್ಲ.

ನಮ್ಮಲ್ಲೇ ಇತ್ಯರ್ಥವಾಗದ ಒಂದು ವಿಷಯ ಇದೆ. ಅದು ನಿಮಗೆ ಸಂಬಂಧಪಟ್ಟದ್ದು, ಮುಚ್ಚಿಡಬಾರದು. ಕೇಳಿ ತೆಗೆಯಬೇಕೋ, ಕೇಳದೆ ತೆಗೆಯಬಹುದೋ? ಕೆಲವರು ಕೇಳಿಯೇ ತೆಗೆಯುತ್ತಾರೆ. ಕೇಳಿದರೆ ನೀವು ಸೆರಗು ಸರಿಮಾಡಿಕೊಂಡು, ಕೈ ಕಟ್ಟಿ ನೆಟ್ಟಗೆ ನಿಲ್ಲುತ್ತೀರ. ಅದೂ ಒಳ್ಳೆಯ ಚಿತ್ರವೇ, ಆದರೆ ಕೆಲಸದಲ್ಲಿ ಮುಳುಗಿದ್ದ ಆ ಮನುಷ್ಯ ಅಲ್ಲಿ ಇರುವುದಿಲ್ಲ ಅನ್ನುವುದು ಇನ್ನುಳಿದವರ ವಾದ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಚಿತ್ರಗಳನ್ನು ಎರಡೂ ಕಡೆಯವರು ತಮ್ಮ ಸಾಕ್ಷಿಗೆ ಕರೆಯುತ್ತಾರೆ. 1948ರಲ್ಲಿ ಪತ್ರಿಕೆಯ ಫೋಟೊಗ್ರಾಫರ್ ಆಗಿ ಶುರುಮಾಡಿದವರು ಅವರು. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನವಾದವು. ಮಂತ್ರಿಗಳನ್ನೂ ತೆಗೆದರು, ಹಾದಿಹೋಕರನ್ನೂ ತೆಗೆದರು. ಅವರ ಚಿತ್ರದಲ್ಲಿ ಬಡವರು ಇದ್ದಾರೆ, ಆದರೆ ನೋಡುವವನು ‘ಅಯ್ಯೋ ಪಾಪ’ ಅನ್ನಲಿ ಅಂತ ಇಟ್ಟಂತೆ ಕಾಣುವುದಿಲ್ಲ. ನನಗೆ ಬೇಕಾದ ಅಳತೆ ಅದು.

ಯಾಕೆಂದರೆ ಈ ‘ಅಯ್ಯೋ ಪಾಪ’ ಫೋಟೊ ನಮ್ಮ ಲೋಕದ ದೊಡ್ಡ ರೋಗ. ಫುಟ್‌ಪಾತಿನಲ್ಲಿ ಮಲಗಿದ ಮುದುಕರೊಬ್ಬರ ಸುಕ್ಕು ಮುಖ ತೆಗೆಯುವುದು. ಕಪ್ಪು-ಬಿಳುಪು ಮಾಡಿ, ಸುಕ್ಕು ಇನ್ನೂ ಆಳವಾಗಿ ಕಾಣುವಂತೆ ತಿದ್ದುವುದು. ಕೆಳಗೆ ‘ಬದುಕಿನ ಪಯಣ’ ಅಂತ ಬರೆಯುವುದು. ಲೈಕು ಬೀಳುತ್ತದೆ, ಸ್ಪರ್ಧೆಯಲ್ಲಿ ಬಹುಮಾನವೂ ಬರಬಹುದು. ಆ ಮುದುಕರಿಗೆ ಏನು ಬಂತು? ನಮ್ಮ ಗುಂಪಿನಲ್ಲಿ ಮಲಗಿದವರ, ಭಿಕ್ಷೆ ಬೇಡುವವರ, ಕುಡಿದು ಬಿದ್ದವರ ಫೋಟೊ ತೆಗೆದು ಎಲ್ಲೂ ಹಾಕುವಂತಿಲ್ಲ ಅಂತ ಮಾತಾಗಿದೆ. ಕೆಲವರಿಗೆ ಇದು ಒಪ್ಪಿಗೆ ಇಲ್ಲ. ‘ಇರೋದನ್ನ ತೋರಿಸೋದು ತಪ್ಪಾ?’ ಅನ್ನುತ್ತಾರೆ. ತೋರಿಸುವುದು ತಪ್ಪಲ್ಲ. ಬೇಡ ಅನ್ನಲು ಆಗದವರನ್ನೇ ಹುಡುಕಿ ತೋರಿಸುವುದು ಹೇಡಿತನ ಅಂತ ನನ್ನ ಅಭಿಪ್ರಾಯ.

ಕಾನೂನು ಏನು ಹೇಳುತ್ತದೆ ಅಂತ ಬೀಟ್ ಪೊಲೀಸರು ಕೇಳುತ್ತಾರೆ. ಬೀದಿಯಲ್ಲಿ ಫೋಟೊ ತೆಗೆಯಲೇಬಾರದು ಅನ್ನುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಹಾಗಂತ ಬೀದಿಗೆ ಬಂದವರೆಲ್ಲ ನಮ್ಮ ಸ್ವತ್ತೂ ಅಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಸಾರ್ವಜನಿಕ ಜಾಗದಲ್ಲಿ ಇದ್ದಾರೆ ಅನ್ನುವ ಒಂದೇ ಕಾರಣಕ್ಕೆ ಆ ಹಕ್ಕು ಹೋಗುವುದಿಲ್ಲ ಅಂತಲೂ ಅದರಲ್ಲಿ ಹೇಳಿದೆ. ‘ಪಬ್ಲಿಕ್ ಪ್ಲೇಸ್ ಸಾರ್, ತೆಗೀಬಹುದು’ ಅಂತ ನಮ್ಮ ಹುಡುಗರು ಯಾರಾದರೂ ವಾದ ಹೂಡಿದರೆ ಈ ತೀರ್ಪು ನೆನಪಿಸಿ. ಹೆಣ್ಣುಮಕ್ಕಳ ಹಿಂದೆ ಬೀಳುವುದು, ಕದ್ದು ತೆಗೆಯುವುದು ಕಂಡರೆ ಹಿಡಿದುಕೊಡಿ. ಅವರು ನಮ್ಮವರಲ್ಲ ಅಂತ ಹೇಳಿ ನಾವು ಕೈತೊಳೆದುಕೊಳ್ಳುವುದಿಲ್ಲ. ನಾವೇ ಕಂಡರೆ ನಾವೇ ದೂರು ಕೊಡುತ್ತೇವೆ.

ನಮ್ಮ ಗುಂಪಿನ ಹೆಣ್ಣುಮಕ್ಕಳು ಈ ವಿಷಯದಲ್ಲಿ ನಮಗಿಂತ ಖಡಕ್ಕು. ಕ್ಯಾಮೆರಾದ ಆ ಬದಿಯಲ್ಲಿ ಇದ್ದಾಗ ಹೇಗಿರುತ್ತದೆ ಅಂತ ಅವರಿಗೆ ಗೊತ್ತು. ಸೊಂಟದ ಹತ್ತಿರ ಕ್ಯಾಮೆರಾ ಹಿಡಿದು, ಬೇರೆಲ್ಲೋ ನೋಡುತ್ತಾ ಗುಂಡಿ ಒತ್ತುವ ಅಭ್ಯಾಸ ಕೆಲವರಿಗಿತ್ತು. ಅದನ್ನು ನಿಲ್ಲಿಸಿದ್ದು ಅವರು. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರಬೇಕು, ಎದುರಿನವರಿಗೆ ಕಾಣಬೇಕು. ಕಣ್ಣು ಕೂಡಿದರೆ ನಗಬೇಕು. ಬೇಡ ಅಂತ ಕೈ ಅಡ್ಡ ಮಾಡಿದರೆ ಅಲ್ಲಿಗೆ ಮುಗಿಯಿತು. ತೆಗೆದಾದ ಮೇಲೆ ಅಳಿಸು ಅಂದರೆ ನಿಮ್ಮ ಕಣ್ಣೆದುರೇ ಅಳಿಸಬೇಕು. ಅದು ವರ್ಷದ ಒಳ್ಳೆಯ ಚಿತ್ರವೇ ಆಗಿದ್ದರೂ ಸರಿ. ಒಬ್ಬ ಹೂವಿನ ಅಕ್ಕ ನಮಗೆ ಹೇಳಿದ್ದು ನೆನಪಿದೆ: ‘ಹೂವಿಂದು ಎಷ್ಟ್ ಬೇಕಾದ್ರೂ ತಗೊಳ್ಳಪ್ಪ, ಮುಖ ಬೇಡ. ಈಗೆಲ್ಲ ಮುಖ ಒಂದಿದ್ರೆ ಸಾಕು, ಏನೇನೋ ಮಾಡಿ ಬಿಡ್ತಾರಂತೆ.’ ಅವರ ಭಯ ಸರಿಯಾಗಿಯೇ ಇದೆ. ಆ ದಿನದಿಂದ ಅವರ ಅಂಗಡಿಯ ಹತ್ತಿರ ಕೈಗಳ ಚಿತ್ರ ಮಾತ್ರ. ಕನಕಾಂಬರ ಕಟ್ಟುವ ಬೆರಳುಗಳು ಅವರವು. ಮುಖಕ್ಕಿಂತ ಅವೇ ಜಾಸ್ತಿ ಮಾತಾಡುತ್ತವೆ ಅಂತ ಈಗ ಅನ್ನಿಸುತ್ತದೆ.

ಇಷ್ಟೆಲ್ಲ ಆದ ಮೇಲೂ ಒಂದು ಅನ್ಯಾಯ ಉಳಿದೇ ಇದೆ. ನಿಮ್ಮ ಚಿತ್ರಗಳು ಎಲ್ಲಿಗೆ ಹೋಗುತ್ತವೆ? ಫೋನಿನ ಪರದೆಗೆ, ನಮ್ಮ ಸ್ನೇಹಿತರ ಲೈಕಿಗೆ, ಅಪರೂಪಕ್ಕೆ ಏಸಿ ಹಾಕಿದ ಗ್ಯಾಲರಿಗೆ. ಅಂಥ ಗ್ಯಾಲರಿಯೊಂದರಲ್ಲಿ ನಮ್ಮ ಚಿತ್ರಗಳನ್ನು ತೂಗುಹಾಕಿದ್ದರು. ಗೋಡೆ ತುಂಬ ಮಾರ್ಕೆಟ್ಟಿನ ಜನ, ನೋಡಲು ಬಂದವರಲ್ಲಿ ಮಾರ್ಕೆಟ್ಟಿನವರು ಒಬ್ಬರೂ ಇಲ್ಲ. ಬಾಗಿಲ ಬಳಿ ನಿಂತ ಕಾವಲುಗಾರ, ‘ಇದು ನಮ್ ಚಿಕ್ಕಪ್ಪನ ಅಂಗಡಿ ಸಾಲು’ ಅಂತ ಒಂದು ಚಿತ್ರದ ಮುಂದೆ ನಿಂತ. ಆ ಸಂಜೆ ಚಿತ್ರವನ್ನು ನಿಜವಾಗಿ ನೋಡಿದವನು ಅವನೊಬ್ಬನೇ ಅಂತ ನನ್ನ ಲೆಕ್ಕ. ಉಳಿದವರು ಬೆಳಕು, ಸಂಯೋಜನೆ ಅಂತ ಮಾತಾಡುತ್ತಿದ್ದರು. ನಾನೂ ಮಾತಾಡಿದೆ.

ಅದಕ್ಕೆ ಪಾಲಿಕೆ ಅಧಿಕಾರಿಗಳಲ್ಲಿ ಒಂದು ಬೇಡಿಕೆ. 2025ರ ಸೆಪ್ಟೆಂಬರಿನಲ್ಲಿ ಒಂದಿದ್ದ ಪಾಲಿಕೆ ಐದಾಯಿತು. ಈ ಅರ್ಜಿ ಯಾವ ಮೇಜಿಗೆ ಹೋಗಬೇಕು ಅಂತ ಹುಡುಕುವ ಬದಲು ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ. ಮಾರ್ಕೆಟ್ಟಿನ ಕಟ್ಟಡದಲ್ಲಿ ಮೇಲಿನ ಮಹಡಿಗೆ ಹತ್ತುವ ಮೆಟ್ಟಿಲಿನ ಪಕ್ಕದ ಗೋಡೆ ಕೊಡಿ. ಅಲ್ಲಿ ಈಗ ಎಲೆಅಡಿಕೆ ಉಗಿದ ಕಲೆ ಬಿಟ್ಟರೆ ಬೇರೇನೂ ಇಲ್ಲ. ಬಾಡಿಗೆ ಬೇಡ, ಅನುದಾನ ಬೇಡ, ಉದ್ಘಾಟನೆ ಬೇಡ, ಶಾಲು ಹಾರ ಅಂತೂ ಬೇಡವೇ ಬೇಡ. ಗೋಡೆ ತೊಳೆದು ಸುಣ್ಣ ಹೊಡೆಯುವ ಖರ್ಚು ನಮ್ಮದು. ಪ್ರಿಂಟು, ಚೌಕಟ್ಟು, ಮೊಳೆ ನಮ್ಮದು. ಮೂರು ತಿಂಗಳಿಗೊಮ್ಮೆ ಚಿತ್ರ ಬದಲಾಯಿಸುತ್ತೇವೆ. ಚಿತ್ರದಲ್ಲಿ ಇರುವವರು ಒಪ್ಪಿದರೆ ಮಾತ್ರ ಗೋಡೆಗೆ ಹೋಗುತ್ತದೆ. ಯಾವುದು ಇರಬೇಕು, ಯಾವುದು ಬೇಡ ಅಂತ ಆರಿಸಲು ಹೂವಿನ ಸಾಲಿನಿಂದ, ತರಕಾರಿ ಸಾಲಿನಿಂದ, ಹಮಾಲರಿಂದ ಒಬ್ಬೊಬ್ಬರು ನಮ್ಮ ಜೊತೆ ಕೂರಲಿ. ನಮ್ಮಲ್ಲಿ ಕೆಲವರಿಗೆ ಇದು ಇಷ್ಟವಿಲ್ಲ. ಕಲೆಯನ್ನು ಹೀಗೆ ಆರಿಸಬಾರದು ಅನ್ನುತ್ತಾರೆ. ನನಗೇನೋ ಆ ಬಕೆಟ್ಟಿನ ಜಗಳದಲ್ಲಿ ಮಾರ್ಕೆಟ್ಟಿನವರ ಮಾತೂ ಕೇಳಬೇಕು ಅನ್ನಿಸಿದೆ.

ಅಂಗಡಿಯವರಿಗೆ ಒಂದು ಮಾತು. ಬೋಣಿ ಆಗುವ ಮೊದಲು ಕ್ಯಾಮೆರಾ ಎತ್ತಬೇಡಿ ಅಂತ ನಿಮ್ಮಲ್ಲಿ ಕೆಲವರು ಹೇಳಿದ್ದೀರಿ. ಹೊಸದಾಗಿ ಬರುವವರಿಗೆ ನಾವು ಮೊದಲು ಹೇಳಿಕೊಡುವುದು ಅದನ್ನೇ. ತಪ್ಪಿದವರು ಕಂಡರೆ ಬೈಯಿರಿ, ಬೇಜಾರಿಲ್ಲ.

ಗೋಡೆ ಸಿಗುವ ತನಕ ಸುಮ್ಮನೆ ಕೂರುವುದಿಲ್ಲ. ತಿಂಗಳ ಕೊನೆಯ ಭಾನುವಾರ ಎಂಟು ಗಂಟೆ ಮೇಲೆ, ಹೂವಿನ ಮಾರ್ಕೆಟ್ಟಿನ ಮೆಟ್ಟಿಲ ಹತ್ತಿರ ಒಂದು ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ನಮ್ಮಲ್ಲಿ ಯಾರಾದರೂ ನಿಂತಿರುತ್ತೇವೆ. ಪೆಟ್ಟಿಗೆಯಲ್ಲಿ ಪೋಸ್ಟ್‌ಕಾರ್ಡ್ ಸೈಜಿನ ಪ್ರಿಂಟುಗಳು ಇರುತ್ತವೆ. ನಿಮ್ಮದು, ನಿಮ್ಮ ಅಕ್ಕಪಕ್ಕದವರದು ಇದ್ದರೆ ತೆಗೆದುಕೊಂಡು ಹೋಗಿ. ಎಲ್ಲಾದರೂ ಹಾಕಿದ ಚಿತ್ರ ತೆಗೆಸಬೇಕಿದ್ದರೆ ಅಲ್ಲೇ ಹೇಳಿ, ಕಾರಣ ಕೇಳುವುದಿಲ್ಲ. ಬೇರೆ ಊರಿಗೆ ಹೋದವರದು ಇದ್ದರೆ ಅವರ ಮನೆಗೆ ತಲುಪಿಸುವವರು ತಗೊಂಡರೂ ಆಯಿತು. ದುಡ್ಡು ಕೊಡಬೇಡಿ.

ಇಂತಿ,
ಭಾನುವಾರದ ಕ್ಯಾಮೆರಾ ಗುಂಪಿನ ಪರವಾಗಿ ಒಬ್ಬ